ಅಳತೆಯೂ ಒಂದು ಸಾಕ್ಷ್ಯ: ಇನ್‌ಸ್ಟ್ರುಮೆಂಟೇಶನ್ ಎಂಬ ವಿದ್ಯೆ ಮತ್ತು ಉದ್ಯೋಗ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಬಳಿಕ ಕೆಲವು ವಾರ, ಜುಮಾ ಮುಗಿಸಿ ಹೊರಡುವ ಹೆತ್ತವರ ಬಾಯಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಮಗನನ್ನು ಅಥವಾ ಮಗಳನ್ನು ಮುಂದೆ ಯಾವುದಕ್ಕೆ ಸೇರಿಸುವುದು? ಹೆಚ್ಚಿನವರಲ್ಲಿ ಉತ್ತರವೂ ಮೊದಲೇ ಸಿದ್ಧವಾಗಿರುತ್ತದೆ. ಅಂಕ ಚೆನ್ನಾಗಿದ್ದರೆ ಕಂಪ್ಯೂಟರ್ ಸೈನ್ಸ್, ಸಾಧಾರಣವಾಗಿದ್ದರೆ ಬಿಕಾಂ, ಅದೂ ಆಗದಿದ್ದರೆ ಪಾಸ್‌ಪೋರ್ಟ್. ಈ ಮೂರರ ನಡುವೆ ಇರುವ ಹಲವು ದಾರಿಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಂಥ ಒಂದು ದಾರಿಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಅದರ ಹೆಸರು ಇನ್‌ಸ್ಟ್ರುಮೆಂಟೇಶನ್ ಆ್ಯಂಡ್ ಕಂಟ್ರೋಲ್ ಇಂಜಿನಿಯರಿಂಗ್. ಸರಳವಾಗಿ ಹೇಳುವುದಾದರೆ, ಅಳೆಯುವ ಮತ್ತು ಹತೋಟಿಯಲ್ಲಿಡುವ ವಿದ್ಯೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಯುವಕರು ಜುಬೈಲ್, ಯಾನ್ಬು, ರುವೈಸ್, ರಾಸ್ ಲಫ್ಫಾನ್ ಮುಂತಾದ ಕಡೆ ಈ ಕೆಲಸದಲ್ಲೇ ಇದ್ದಾರೆ. ಆದರೆ 'ಕಂಪೆನಿಯಲ್ಲಿ ಟೆಕ್ನೀಶಿಯನ್' ಎನ್ನುವುದರಾಚೆ ಅವರು ಏನು ಮಾಡುತ್ತಾರೆಂದು ಮನೆಯವರಿಗೆ ತಿಳಿದಿರುವುದು ಕಡಿಮೆ. ತಿಳಿಯದೇ ಇರುವುದರಿಂದ ಮುಂದಿನ ತಲೆಮಾರಿಗೆ ಅದನ್ನು ಸರಿಯಾಗಿ ಕಲಿಸುವವರೂ ಇಲ್ಲ.

ಹೌಝ್ ಮತ್ತು ತೇಲುಚೆಂಡು

ಹೆಸರು ದೊಡ್ಡದಾದರೂ ವಿಷಯ ನಮಗೆ ಹೊಸದಲ್ಲ. ವುಝೂ ಮಾಡುವ ಹೌಝಿಗೆ ನೀರು ಬರುವ ಕೊಳವೆಯ ಬಾಯಿಯಲ್ಲಿ ಒಂದು ಚೆಂಡು ತೇಲುತ್ತಿರುವುದನ್ನು ನೀವು ನೋಡಿರಬಹುದು. ನೀರು ಇಳಿದರೆ ಚೆಂಡು ಇಳಿಯುತ್ತದೆ, ಅದರ ಕೋಲು ಕವಾಟವನ್ನು ತೆರೆಯುತ್ತದೆ, ಹೊಸ ನೀರು ಬರುತ್ತದೆ. ನೀರು ಬೇಕಾದಷ್ಟು ಏರಿದಾಗ ಚೆಂಡೂ ಏರಿ ಕವಾಟವನ್ನು ಮುಚ್ಚುತ್ತದೆ. ಕಾವಲಿಗೆ ಯಾರೂ ಕೂರಬೇಕಾಗಿಲ್ಲ.

ಇಲ್ಲಿ ಮೂರು ಕೆಲಸ ನಡೆಯುತ್ತಿದೆ. ಮೊದಲನೆಯದು, ಈಗ ನೀರು ಎಷ್ಟಿದೆ ಎಂದು ಅಳೆಯುವುದು. ಎರಡನೆಯದು, ಇರಬೇಕಾದದ್ದಕ್ಕೂ ಇರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಹೋಲಿಸುವುದು. ಮೂರನೆಯದು, ಆ ವ್ಯತ್ಯಾಸವನ್ನು ತುಂಬುವಂತೆ ಕವಾಟವನ್ನು ತಿರುಗಿಸುವುದು. ಕವಾಟ ತಿರುಗಿದ ಫಲವನ್ನು ಚೆಂಡು ಮತ್ತೆ ಅಳೆಯುತ್ತದೆ. ಹೀಗೆ ಸುತ್ತು ಮುಂದುವರಿಯುತ್ತದೆ. ಇದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಸಾವಿರಾರು ಕೋಟಿಯ ತೈಲ ಶುದ್ಧೀಕರಣಾಗಾರದಲ್ಲೂ ನಡೆಯುವುದು ಇದೇ ಸುತ್ತು. ಅಲ್ಲಿ ಚೆಂಡಿನ ಬದಲು ಬೇರೆ ಬೇರೆ ಉಪಕರಣಗಳಿರುತ್ತವೆ, ಇಂಥ ಸುತ್ತುಗಳು ನೂರಾರು ಇರುತ್ತವೆ, ಅಷ್ಟೇ.

ಈ ವಿದ್ಯೆಯ ಚರಿತ್ರೆಯೂ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರೀಕ್ ತಂತ್ರಜ್ಞ ಕ್ಟೆಸಿಬಿಯಸ್ ನೀರಿನ ಗಡಿಯಾರದಲ್ಲಿ ತೇಲುಕವಾಟವನ್ನು ಬಳಸಿದ. ಆ ಗ್ರೀಕ್ ವಿದ್ಯೆಯನ್ನು ಓದಿ ಬೆಳೆಸಿದವರಲ್ಲಿ 9ನೇ ಶತಮಾನದ ಬಗ್ದಾದಿನ ಬನೂ ಮೂಸಾ ಸಹೋದರರು ಪ್ರಮುಖರು. ಮುಹಮ್ಮದ್, ಅಹ್ಮದ್ ಮತ್ತು ಹಸನ್ ಎಂಬ ಈ ಮೂವರ 'ಕಿತಾಬುಲ್ ಹಿಯಲ್' ಗ್ರಂಥದಲ್ಲಿ ಸುಮಾರು 100 ಯಂತ್ರಗಳ ವಿವರವಿದೆ. ಅವುಗಳಲ್ಲಿ ಹಲವು ಹೊರಗಿನಿಂದ ಯಾರ ಕೈಯೂ ತಾಗದೆ ತಮ್ಮನ್ನು ತಾವೇ ನಿಯಂತ್ರಿಸಿಕೊಳ್ಳುತ್ತವೆ. 1121ರಲ್ಲಿ ಅಲ್ ಖಾಝಿನಿ ತಕ್ಕಡಿಗಳ ಬಗ್ಗೆಯೇ 'ಮೀಝಾನುಲ್ ಹಿಕ್ಮಃ' ಎಂಬ ದೊಡ್ಡ ಗ್ರಂಥ ಬರೆದರು. 1206ರಲ್ಲಿ ಅಲ್ ಜಝರಿ ಪೂರ್ಣಗೊಳಿಸಿದ ಗ್ರಂಥದ ನೀರಿನ ಗಡಿಯಾರಗಳಲ್ಲೂ ತೇಲುಕವಾಟವಿದೆ. ಮುಂದೆ 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರದ ವೇಗ ಹೆಚ್ಚುಕಡಿಮೆಯಾಗದಂತೆ ತಡೆಯುವ ಗವರ್ನರನ್ನು ಅಳವಡಿಸಿದ. 1868ರಲ್ಲಿ ಮ್ಯಾಕ್ಸ್‌ವೆಲ್ ಅಂಥ ಗವರ್ನರುಗಳ ಗಣಿತವನ್ನು ಬರೆದ.

ಈ ಹೆಸರುಗಳನ್ನು ಹೇಳಿ ಹೆಮ್ಮೆ ಪಡುವುದು ಸುಲಭ. ಬನೂ ಮೂಸಾ ಸಹೋದರರು ಹೆಮ್ಮೆ ಪಡುತ್ತಾ ಕೂರಲಿಲ್ಲ, ಬೇರೆಯವರ ಗ್ರಂಥಗಳನ್ನು ತರಿಸಿ ಓದಿದರು, ಕೈಯಿಂದ ಕೆಲಸ ಮಾಡಿದರು. ನಮ್ಮ ಮಕ್ಕಳಿಗೆ ಹೇಳಬೇಕಾದದ್ದು ಅದನ್ನು.

ಹಾಲಿನ ಪ್ಯಾಕೆಟ್ ಹೇಳುವ ಪಾಠ

ಬೆಳಿಗ್ಗೆ ಮನೆಗೆ ಬರುವ ಪಾಶ್ಚರೀಕರಿಸಿದ ಹಾಲಿನ ಉದಾಹರಣೆ ತೆಗೆದುಕೊಳ್ಳಿ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕನಿಷ್ಠ 15 ಸೆಕೆಂಡ್ ಅದೇ ಬಿಸಿಯಲ್ಲಿಟ್ಟು, ಕೂಡಲೇ ತಣಿಸುತ್ತಾರೆ. ರೋಗಾಣುಗಳು ಸಾಯಲು ಇಷ್ಟು ಬೇಕು. ಹಾಲು ಕೊಳವೆಯಲ್ಲಿ ನಿಲ್ಲದೆ ಹರಿಯುತ್ತಿರುತ್ತದೆ. ಹಾಗಾದರೆ ಪ್ರತಿ ಹನಿಯೂ 72 ಡಿಗ್ರಿ ಮುಟ್ಟಿದೆ ಎಂದು ಹೇಳುವವರು ಯಾರು?

ಕೊಳವೆಯೊಳಗೆ ಒಂದು ಸಣ್ಣ ತಾಪಮಾಪಕ ಇರುತ್ತದೆ. ಇಂಥ ಕಡೆ ಹೆಚ್ಚಾಗಿ ಬಳಸುವುದು ಪಿಟಿ-100 ಎಂಬ ಪ್ಲಾಟಿನಂ ತಂತಿಯ ಮಾಪಕ. 0 ಡಿಗ್ರಿಯಲ್ಲಿ ಅದರ ವಿದ್ಯುತ್ ಪ್ರತಿರೋಧ ಸರಿಯಾಗಿ 100 ಓಮ್, 100 ಡಿಗ್ರಿಯಲ್ಲಿ ಸುಮಾರು 138.5 ಓಮ್. ಪ್ರತಿರೋಧ ನೋಡಿ ಬಿಸಿಯನ್ನು ತಿಳಿಯುತ್ತಾರೆ. ಹಾಲಿನ ಬಿಸಿ ನಿಗದಿತ ಮಟ್ಟಕ್ಕಿಂತ ಇಳಿದರೆ ಕೂಡಲೇ ಒಂದು ಕವಾಟ ತಿರುಗಿ, ಹಾಲು ಪ್ಯಾಕಿಂಗಿಗೆ ಹೋಗದೆ ಮತ್ತೆ ಕಾಯಿಸುವ ಕಡೆಗೇ ಮರಳುತ್ತದೆ. ಈ ಕವಾಟಕ್ಕೆ ಗಾಳಿಯೋ ವಿದ್ಯುತ್ತೋ ಕೈಕೊಟ್ಟರೂ ಅದು ಹಾಲನ್ನು ಹಿಂದಕ್ಕೇ ಕಳಿಸುವಂತೆ ಜೋಡಿಸಿರುತ್ತಾರೆ. ಕೆಟ್ಟುಹೋದಾಗಲೂ ಸುರಕ್ಷಿತ ಕಡೆಗೆ ವಾಲುವುದು ಈ ವಿದ್ಯೆಯ ಮುಖ್ಯ ನಿಯಮ. ಬಾಯ್ಲರಿನ ಇಂಧನ ಕವಾಟ ಕೈಕೊಟ್ಟರೆ ಮುಚ್ಚಿಕೊಳ್ಳಬೇಕು. ತಣ್ಣೀರಿನ ಕವಾಟ ಕೈಕೊಟ್ಟರೆ ತೆರೆದುಕೊಳ್ಳಬೇಕು.

ಮಗುವಿಗೆ ಕುಡಿಸುವ ಹಾಲಿನ ಹಿಂದೆ, ನಾವು ಮುಖ ನೋಡದ ಒಬ್ಬ ಟೆಕ್ನೀಶಿಯನ್ ಇದ್ದಾನೆ. ಆ ತಾಪಮಾಪಕ ಸರಿಯಾಗಿದೆ ಎಂದು ಪರೀಕ್ಷಿಸಿ ಸಹಿ ಹಾಕಿದವನು ಅವನು.

ಸೊನ್ನೆಗೂ ಮೌನಕ್ಕೂ ಇರುವ ವ್ಯತ್ಯಾಸ

ಕಾರ್ಖಾನೆಯ ಅಂಗಳದಲ್ಲಿರುವ ಮಾಪಕದ ಸುದ್ದಿ ದೂರದ ಕಂಟ್ರೋಲ್ ರೂಮಿಗೆ ತಲುಪಬೇಕು. ಇದಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಪದ್ಧತಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹ. ಟ್ಯಾಂಕ್ ಖಾಲಿ ಇದ್ದರೆ 4, ಅರ್ಧ ತುಂಬಿದರೆ 12, ಪೂರ್ತಿ ತುಂಬಿದರೆ 20.

ಖಾಲಿಗೆ ಸೊನ್ನೆ ಎಂದೇ ಇಡಬಹುದಿತ್ತಲ್ಲ, 4 ಯಾಕೆ? ತಂತಿ ತುಂಡಾದರೂ ಪ್ರವಾಹ ಸೊನ್ನೆಯಾಗುತ್ತದೆ. ಆಗ ಟ್ಯಾಂಕ್ ಖಾಲಿಯೋ, ತಂತಿ ತುಂಡೋ ಎಂದು ತಿಳಿಯುವುದಿಲ್ಲ. 4 ಬಂದರೆ 'ನಾನು ಇದ್ದೇನೆ, ಟ್ಯಾಂಕ್ ಖಾಲಿ' ಎಂದು ಅರ್ಥ. ಏನೂ ಬಾರದಿದ್ದರೆ 'ಸಾಕ್ಷಿಯೇ ಇಲ್ಲ' ಎಂದು ಅರ್ಥ. ಸೊನ್ನೆ ಎಂದು ಹೇಳುವುದೂ ಏನನ್ನೂ ಹೇಳದಿರುವುದೂ ಒಂದೇ ಅಲ್ಲ ಎಂಬ ಈ ಸಣ್ಣ ವಿವೇಕ ಎಷ್ಟೋ ಅಪಘಾತಗಳನ್ನು ತಡೆದಿದೆ.

ಅಳತೆ ಬಂದ ಮೇಲೆ ಎಷ್ಟು ಸರಿಪಡಿಸಬೇಕು ಎಂಬುದು ಮುಂದಿನ ಪ್ರಶ್ನೆ. ಸ್ನಾನಕ್ಕೆ ಬಿಸಿನೀರು ತಣ್ಣೀರು ಬೆರೆಸುವಾಗ ನಾವು ಏನು ಮಾಡುತ್ತೇವೆ? ನೀರು ತುಂಬಾ ತಣ್ಣಗಿದ್ದರೆ ಬಿಸಿನೀರಿನ ನಳ್ಳಿಯನ್ನು ಹೆಚ್ಚು ತಿರುಗಿಸುತ್ತೇವೆ, ಸ್ವಲ್ಪ ತಣ್ಣಗಿದ್ದರೆ ಸ್ವಲ್ಪ. ತಿರುಗಿಸಿದ ಮೇಲೂ ತುಸು ತಣ್ಣಗೇ ಉಳಿದರೆ ಮೆಲ್ಲಮೆಲ್ಲನೆ ಇನ್ನಷ್ಟು ತಿರುಗಿಸುತ್ತೇವೆ. ಬಿಸಿ ವೇಗವಾಗಿ ಏರುತ್ತಿದೆ ಎಂದು ಕೈಗೆ ತಿಳಿದರೆ, ಸುಡುವ ಮೊದಲೇ ಹಿಂದಕ್ಕೆ ತಿರುಗಿಸುತ್ತೇವೆ. ಈಗಿನ ತಪ್ಪಿಗೆ ಒಂದು, ಕೂಡಿಬಂದ ತಪ್ಪಿಗೆ ಒಂದು, ಬರಲಿರುವ ತಪ್ಪಿಗೆ ಒಂದು, ಹೀಗೆ ಮೂರು ಬುದ್ಧಿ. ಇದೇ ಪಿಐಡಿ ನಿಯಂತ್ರಣ. 1922ರಲ್ಲಿ ನಿಕೋಲಸ್ ಮಿನೋರ್‌ಸ್ಕಿ ಹಡಗಿನ ಚುಕ್ಕಾಣಿ ಹಿಡಿಯುವವರ ರೀತಿಯನ್ನು ಗಮನಿಸಿ ಇದರ ಗಣಿತ ಬರೆದ. 1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ಇದನ್ನು ಹೊಂದಿಸುವ ಸುಲಭ ಕ್ರಮ ಕೊಟ್ಟರು. ಅವರ ಕ್ರಮವನ್ನು ಇಂದಿಗೂ ತರಗತಿಯಲ್ಲಿ ಕಲಿಸುತ್ತಾರೆ.

ಈ ಲೆಕ್ಕವನ್ನು ಮಾಡುವ ಯಂತ್ರಗಳೇ ಪಿಎಲ್‌ಸಿ ಮತ್ತು ಡಿಸಿಎಸ್. ಮೊದಲನೆಯದು 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ ಹುಟ್ಟಿತು. ಎರಡನೆಯದು 1975ರಲ್ಲಿ ಬಂತು. ದೊಡ್ಡ ರಾಸಾಯನಿಕ ಕಾರ್ಖಾನೆಗಳು ಇಂದು ನಡೆಯುವುದು ಡಿಸಿಎಸ್ ಮೇಲೆ.

ಮಾಪಕ ಸುಳ್ಳು ಹೇಳಿದ ದಿನ

ಇಷ್ಟೆಲ್ಲ ಗಣಿತ, ಕಂಪ್ಯೂಟರ್ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಮಾಪಕ ಹೇಳುತ್ತಿರುವುದು ನಿಜ. ಆ ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

2005ರ ಮಾರ್ಚ್ 23. ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ಕಂಪೆನಿಯ ತೈಲ ಶುದ್ಧೀಕರಣಾಗಾರ. ದುರಸ್ತಿಗಾಗಿ ನಿಲ್ಲಿಸಿದ್ದ ಒಂದು ಘಟಕವನ್ನು ಮತ್ತೆ ಆರಂಭಿಸುತ್ತಿದ್ದರು. ಅಲ್ಲಿನ ಗೋಪುರದ ಎತ್ತರ 170 ಅಡಿ. ತಳದಲ್ಲಿ ಕೆಲವೇ ಅಡಿ ದ್ರವ ಇರಬೇಕಾಗಿತ್ತು. ಗೋಪುರ ತುಂಬುತ್ತಾ ಹೋದರೂ ಮಟ್ಟಮಾಪಕ ಮಾತ್ರ ದ್ರವ ನಿಧಾನವಾಗಿ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಅದು ಸುಮಾರು 8 ಅಡಿ ಎಂದು ಹೇಳುತ್ತಿದ್ದ ಹೊತ್ತಿಗೆ ಒಳಗೆ ಸುಮಾರು 158 ಅಡಿ ದ್ರವವಿತ್ತು. ಆ ಮಾಪಕ ದ್ರವದ ತೇಲಿಸುವ ಬಲವನ್ನು ನೋಡಿ ಮಟ್ಟ ಹೇಳುವಂಥದ್ದು. ದ್ರವ ಬಿಸಿಯಾದಂತೆ ಹಗುರವಾಗುತ್ತದೆ, ತೇಲಿಸುವ ಬಲ ಕಡಿಮೆಯಾಗುತ್ತದೆ. ಪೂರ್ತಿ ಮುಳುಗಿದ್ದ ಮಾಪಕ, ಸರಿಯಾಗಿ ಹೊಂದಿಸಿಯೂ ಇರದ ಕಾರಣ, ಇದನ್ನು ಮಟ್ಟ ಇಳಿದಂತೆ ತೋರಿಸಿತು. ಕಣ್ಣಿನಿಂದ ನೋಡಲು ಇದ್ದ ಗಾಜಿನ ಕೊಳವೆ ಕೊಳೆಯಿಂದ ಮುಚ್ಚಿತ್ತು. ಮಟ್ಟ ಮೀರಿದಾಗ ಕೂಗಬೇಕಿದ್ದ ಇನ್ನೊಂದು ಅಲಾರಂ ಕೂಗಲಿಲ್ಲ. ದ್ರವ ಮೇಲಿನಿಂದ ಉಕ್ಕಿ, ಆವಿಯಾಗಿ ಹರಡಿ, ಹೊತ್ತಿಕೊಂಡು ಸ್ಫೋಟಿಸಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು.

ತನಿಖೆಯಲ್ಲಿ ಹೊರಬಂದ ಒಂದು ಅಂಶ ಮನಸ್ಸನ್ನು ಕಲಕುತ್ತದೆ. ಆರಂಭಕ್ಕೆ ಮುಂಚೆ ಎಲ್ಲ ಉಪಕರಣಗಳನ್ನು ಪರೀಕ್ಷಿಸಬೇಕೆಂಬ ನಿಯಮವಿತ್ತು. ಸಮಯವಿಲ್ಲವೆಂದು ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಲಾಯಿತು. ಆದರೂ ಕಾಗದದಲ್ಲಿ 'ಪರೀಕ್ಷಿಸಲಾಗಿದೆ' ಎಂಬಲ್ಲಿ ಗುರುತು ಬಿತ್ತು.

ಇನ್ನೊಂದು ನಮ್ಮದೇ ದೇಶದ್ದು. 1984ರ ಡಿಸೆಂಬರ್ 2ರ ರಾತ್ರಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆ. ವಿಷಕಾರಿ ಮಿಥೈಲ್ ಐಸೋಸಯನೇಟ್ ತುಂಬಿದ್ದ 610ನೇ ಟ್ಯಾಂಕಿಗೆ ನೀರು ಸೇರಿತು. ಟ್ಯಾಂಕನ್ನು ತಂಪಾಗಿಡುವ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆಯನ್ನು ದುರಸ್ತಿಗಾಗಿ ಬಿಚ್ಚಿದ್ದರು. ಒತ್ತಡಮಾಪಕ ಏರಿಕೆ ತೋರಿಸಿತ್ತು. ಆದರೆ ಆ ಕಾರ್ಖಾನೆಯ ಮಾಪಕಗಳು ಆಗಾಗ ಕೆಡುತ್ತಿದ್ದುದರಿಂದ ಮೊದಲಿಗೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಾವಿರಾರು ಜನ ನಿದ್ರೆಯಲ್ಲೇ, ಬೀದಿಯಲ್ಲೇ ಪ್ರಾಣ ಬಿಟ್ಟರು. ಸತ್ತವರಲ್ಲಿ ಬಹಳ ಮಂದಿ ಕಾರ್ಖಾನೆಯ ಸುತ್ತಲಿನ ಬಡ ಬಸ್ತಿಗಳವರು.

ಟೆಕ್ಸಸ್‌ನಲ್ಲಿ ಮಾಪಕ ಸುಳ್ಳು ಹೇಳಿತು, ಜನ ನಂಬಿದರು. ಭೋಪಾಲದಲ್ಲಿ ಮಾಪಕ ನಿಜ ಹೇಳಿತು, ಜನ ನಂಬಲಿಲ್ಲ. ಪದೇಪದೇ ಸುಳ್ಳು ಹೇಳಿದ ಸಾಕ್ಷಿ ಒಂದು ದಿನ ನಿಜ ಹೇಳಿದರೂ ಯಾರು ನಂಬುತ್ತಾರೆ?

ಮಾಪಕಕ್ಕೂ ಒಂದು ಸನದ್

ಮಾಪಕವನ್ನು ಅದಕ್ಕಿಂತ ನಿಖರವಾದ ಇನ್ನೊಂದು ಮಾಪಕದ ಜೊತೆ ಹೋಲಿಸಿ ಸರಿಪಡಿಸುವುದನ್ನು ಕ್ಯಾಲಿಬ್ರೇಶನ್ ಎನ್ನುತ್ತಾರೆ. ಆ ನಿಖರ ಮಾಪಕ ಸರಿಯೆಂದು ಹೇಳುವವರು ಯಾರು? ಅದನ್ನು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಹೋಲಿಸಿರಬೇಕು. ಆ ಪ್ರಯೋಗಾಲಯದ ಮಾಪಕಗಳು, ಒಂದರಿಂದ ಒಂದಕ್ಕೆ ಏರಿ, ಕೊನೆಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವಂಥ ರಾಷ್ಟ್ರೀಯ ಮಾನದಂಡವನ್ನು ಮುಟ್ಟಬೇಕು.

ಮದ್ರಸದಲ್ಲಿ ಓದಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹದೀಸಿಗೆ ಸನದ್ ಇರುವಂತೆ ಪ್ರತಿ ಮಾಪಕಕ್ಕೂ ಒಂದು ಸನದ್ ಇದೆ. ಯಾರು ಯಾರಿಂದ ಕೇಳಿದರು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೆ, ಅಥವಾ ನಡುವೆ ನಂಬಲಾಗದ ಒಬ್ಬ ವರದಿಗಾರ ಇದ್ದರೆ, ಮಾತು ಎಷ್ಟೇ ಚೆನ್ನಾಗಿದ್ದರೂ ವಿದ್ವಾಂಸರು ಅದನ್ನು ಝಈಫ್ ಎಂದು ಬದಿಗಿಡುತ್ತಾರೆ. ಇಲ್ಲೂ ಹಾಗೆಯೇ. ಪರೀಕ್ಷಿಸದೆ ಸಹಿ ಹಾಕಿದ ಒಬ್ಬ ಟೆಕ್ನೀಶಿಯನ್ ಇದ್ದರೆ ಸಾಕು, ಅವನ ಕೆಳಗಿನ ಎಲ್ಲ ಅಳತೆಗಳೂ ದುರ್ಬಲ.

ಅಳತೆ ತೂಕದಲ್ಲಿ ಮೋಸ ಮಾಡಿದ ಪ್ರವಾದಿ ಶುಐಬ್(ಅ)ರ ಜನಾಂಗದ ಕಥೆ ನಮಗೆ ಗೊತ್ತು. ಅದನ್ನು ಓದುವಾಗ ದಿನಸಿ ಅಂಗಡಿಯ ತಕ್ಕಡಿಯಷ್ಟೇ ನಮ್ಮ ಕಣ್ಣ ಮುಂದೆ ಬರುತ್ತದೆ. ಅಂಗಡಿಯ ತಕ್ಕಡಿ ತಪ್ಪಿದರೆ ಗಿರಾಕಿಗೆ ನೂರು ಗ್ರಾಂ ಸಕ್ಕರೆ ನಷ್ಟ. ಬಾಯ್ಲರಿನ ಒತ್ತಡಮಾಪಕ ತಪ್ಪಿದರೆ ಎಷ್ಟು ಮನೆಗಳಿಗೆ ನಷ್ಟ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಊರೂರುಗಳಲ್ಲಿ ಕೆಲವು ಏಜೆಂಟರು 'ಐದು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತೇವೆ, ಗಲ್ಫ್‌ನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್ ಕೆಲಸ ಖಚಿತ' ಎನ್ನುತ್ತಾರೆ. ಹಣ ಹೊಂದಿಸಲು ತಾಯಿಯ ಬಂಗಾರ ಅಡವಿಗೆ ಹೋಗುತ್ತದೆ. ಎಲ್ಲರೂ ಹೀಗೆಯೇ ಹೋಗುವುದಲ್ಲವೇ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಯೋಚಿಸಿ: ಟ್ರಾನ್ಸ್‌ಮಿಟರ್ ಬಿಚ್ಚಿ ನೋಡದ ಹುಡುಗ ಒಂದು ದಿನ ಅನಿಲ ಕಾರ್ಖಾನೆಯ ಸುರಕ್ಷಾ ಕವಾಟದ ಮುಂದೆ ನಿಲ್ಲುತ್ತಾನೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಅಪಾಯ, ಆಗ ಅವನ ಮತ್ತು ಅವನ ಪಕ್ಕದಲ್ಲಿ ಕೆಲಸ ಮಾಡುವವರ ಪ್ರಾಣ ಆ ಸುಳ್ಳು ಕಾಗದದ ಮೇಲೆ ನಿಂತಿರುತ್ತದೆ. ಸುಳ್ಳು ಅನುಭವ ಪತ್ರವೂ ಪರೀಕ್ಷಿಸದೆ ಹಾಕಿದ ಸಹಿಯೂ ಒಂದೇ ಜಾತಿಯವು.

ಕಲಿಯುವ ದಾರಿಗಳು

ಸರಿಯಾದ ದಾರಿ ಅಷ್ಟೇನೂ ಕಷ್ಟದ್ದಲ್ಲ. ಮೂರು ಮೆಟ್ಟಿಲುಗಳಿವೆ. ಯಾವುದರಿಂದಲೂ ಆರಂಭಿಸಬಹುದು, ಒಂದರಿಂದ ಇನ್ನೊಂದಕ್ಕೆ ಏರಲೂಬಹುದು.

ಮೊದಲನೆಯದು ಐಟಿಐ. ಎಸ್ಸೆಸ್ಸೆಲ್ಸಿ ಬಳಿಕ 'ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್' ಎಂಬ 2 ವರ್ಷದ ತರಬೇತಿ ಇದೆ. ಎಲ್ಲ ಐಟಿಐಗಳಲ್ಲಿ ಇದು ಸಿಗುವುದಿಲ್ಲ. ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಷಿಯನ್ ಮಾಡಿ ಈ ಕಡೆಗೆ ಬರಬಹುದು. ಮುಗಿದ ಮೇಲೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ತರಬೇತಿಯನ್ನು ತಪ್ಪಿಸಬೇಡಿ. ಸ್ಟೈಪೆಂಡ್ ಕಡಿಮೆಯಾದರೂ ಅಲ್ಲಿ ಸಿಗುವುದೇ ನಿಜವಾದ ಅನುಭವ ಪತ್ರ.

ಎರಡನೆಯದು ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಬಳಿಕ 3 ವರ್ಷ. ಇನ್‌ಸ್ಟ್ರುಮೆಂಟೇಶನ್ ವಿಭಾಗ ಕೆಲವೇ ಪಾಲಿಟೆಕ್ನಿಕ್‌ಗಳಲ್ಲಿದೆ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕಟ್ರಾನಿಕ್ಸ್ ವಿಭಾಗಗಳಿಂದಲೂ ದಾರಿ ಇದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿಯ ಭಯಕ್ಕೆ ವಿಜ್ಞಾನವನ್ನೇ ಬಿಡುವ ಮಕ್ಕಳಿಗೆ ಈ ದಾರಿಯನ್ನು ತಿಳಿಸಿ.

ಮೂರನೆಯದು ಬಿಇ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಸಿಇಟಿ ಬರೆದವರು 'ಎಲೆಕ್ಟ್ರಾನಿಕ್ಸ್ ಆ್ಯಂಡ್ ಇನ್‌ಸ್ಟ್ರುಮೆಂಟೇಶನ್' ವಿಭಾಗವನ್ನು ಹುಡುಕಬಹುದು. ಬೆಂಗಳೂರಿನ ಆರ್.ವಿ., ಬಿಎಂಎಸ್, ರಾಮಯ್ಯ ಇಂಜಿನಿಯರಿಂಗ್ ಕಾಲೇಜುಗಳು ಈ ವಿಭಾಗಕ್ಕೆ ಹೆಸರಾದವು. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಇದ್ದರೆ ತಿರುಚಿರಾಪಳ್ಳಿಯ ಎನ್‌ಐಟಿಯಲ್ಲಿ 'ಇನ್‌ಸ್ಟ್ರುಮೆಂಟೇಶನ್ ಆ್ಯಂಡ್ ಕಂಟ್ರೋಲ್' ಎಂಬ ಹೆಸರಿನ ವಿಭಾಗವೇ ಇದೆ. ಸೀಟುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಕೆಇಎ ಪಟ್ಟಿಯನ್ನು ನೋಡಿಯೇ ಆಯ್ಕೆ ತುಂಬಿ. ಶುಲ್ಕದ ಚಿಂತೆ ಇರುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯನ್ನು ವಿಚಾರಿಸಿ. ಬಿಇ ಬಳಿಕ ಗೇಟ್ ಪರೀಕ್ಷೆಯಲ್ಲೂ ಇನ್‌ಸ್ಟ್ರುಮೆಂಟೇಶನ್‌ಗೆ ಪ್ರತ್ಯೇಕ ಪತ್ರಿಕೆ ಇದೆ.

ಮೂರು ತಿಂಗಳ 'ಪಿಎಲ್‌ಸಿ ಸ್ಕಾಡಾ' ಕೋರ್ಸುಗಳ ಬಗ್ಗೆ ಒಂದು ಮಾತು. ಐಟಿಐ, ಡಿಪ್ಲೊಮಾ ಅಥವಾ ಬಿಇ ಎಂಬ ಗೋಡೆ ಎದ್ದ ಮೇಲೆ ಇವು ಒಳ್ಳೆಯ ಸುಣ್ಣಬಣ್ಣ. ಗೋಡೆಯೇ ಇಲ್ಲದಿದ್ದರೆ ಸುಣ್ಣ ಎಲ್ಲಿಗೆ ಬಳಿಯುವುದು? ಸೇರುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿ. ನಿಜವಾದ ಪಿಎಲ್‌ಸಿ, ಟ್ರಾನ್ಸ್‌ಮಿಟರ್, ಕವಾಟ, ಕ್ಯಾಲಿಬ್ರೇಟರ್ ಇವೆಯೇ? ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು? 'ನೂರಕ್ಕೆ ನೂರು ಕೆಲಸ' ಎಂದು ಭರವಸೆ ಕೊಡುವವರಲ್ಲಿ, ಕಳೆದ ವರ್ಷ ಕೆಲಸ ಸಿಕ್ಕಿದ ಇಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ. ವಿದೇಶಕ್ಕೆ ಹೋಗುವವರು ಏಜೆಂಟರ ಪರವಾನಗಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಪರಿಶೀಲಿಸದೆ ಒಂದು ರೂಪಾಯಿಯನ್ನೂ ಕೊಡಬಾರದು.

ಕೆಲಸ ಎಲ್ಲಿದೆ, ಹೇಗಿದೆ?

ಗಲ್ಫ್ ಒಂದೇ ಅಲ್ಲ. ಮಂಗಳೂರಿನ ಎಂಆರ್‌ಪಿಎಲ್, ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ಕೈಗಾ ಅಣುವಿದ್ಯುತ್ ಸ್ಥಾವರ, ರಾಯಚೂರಿನ ಶಾಖೋತ್ಪನ್ನ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳು, ಸಕ್ಕರೆ ಕಾರ್ಖಾನೆಗಳು, ಔಷಧ ಘಟಕಗಳು, ಡೇರಿಗಳು, ನೀರು ಸರಬರಾಜು ಕೇಂದ್ರಗಳು, ಎಲ್ಲೆಡೆ ಈ ಕೆಲಸ ಬೇಕು. ಕಂಟ್ರೋಲ್ ವ್ಯವಸ್ಥೆಗಳನ್ನು ತಯಾರಿಸುವ ಯೊಕೊಗಾವಾ, ಹನಿವೆಲ್, ಎಬಿಬಿಯಂಥ ಕಂಪೆನಿಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ವಿನ್ಯಾಸ ಮಾಡುವುದು, ಡಿಸಿಎಸ್ ಹೊಂದಿಸುವುದು, ಪ್ರೋಗ್ರಾಂ ಬರೆಯುವುದು, ಸುರಕ್ಷಾ ಲೆಕ್ಕ ಹಾಕುವುದು, ಇವೆಲ್ಲ ಅಲ್ಲಿ ನಡೆಯುವ ಕಚೇರಿ ಕೆಲಸಗಳು. ಇಂಜಿನಿಯರಿಂಗ್ ಓದಬಯಸುವ ಹೆಣ್ಣುಮಕ್ಕಳ ಹೆತ್ತವರು ಇದನ್ನು ಗಮನಿಸಬೇಕು. ಈ ವಿಭಾಗವೆಂದರೆ ಬಿಸಿಲಲ್ಲಿ ಏಣಿ ಹತ್ತುವುದು ಮಾತ್ರವಲ್ಲ.

ಹಾಗೆಂದು ಕಷ್ಟವನ್ನು ಮುಚ್ಚಿಡಬಾರದು. ಅಂಗಳದ ಕೆಲಸದಲ್ಲಿ ಶಿಫ್ಟ್ ಇದೆ, ಬಿಸಿಲಿದೆ, ಎತ್ತರವಿದೆ, ವಿಷಾನಿಲದ ಭಯವಿದೆ. ವಾರ್ಷಿಕ ದುರಸ್ತಿಗೆ ಕಾರ್ಖಾನೆ ನಿಂತಾಗ ದಿನಕ್ಕೆ 12 ಗಂಟೆ ದುಡಿಯಬೇಕಾಗುವುದೂ ಉಂಟು. ಸೌದಿಯಲ್ಲಿ 2011ರ ನಿತಾಕತ್ ಬಳಿಕ ಸ್ಥಳೀಯರಿಗೆ ಆದ್ಯತೆ ಹೆಚ್ಚಿದೆ. ಅಣ್ಣ ಹೋದ ದಾರಿಯಲ್ಲೇ ತಮ್ಮನೂ ಹೋಗಬಹುದು ಎಂಬ ಖಾತ್ರಿ ಇಲ್ಲ. ನಿಜವಾಗಿ ಕಲಿತವನಿಗೆ ಬೇಡಿಕೆ ಉಳಿದೀತು, ಕಾಗದ ಮಾತ್ರ ಇರುವವನಿಗೆ ಬಾಗಿಲು ಕಿರಿದಾಗುತ್ತಿದೆ.

ಕೆಲಸದ ಸ್ವರೂಪವೂ ಬದಲಾಗುತ್ತಿದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವೈರಸ್ ಇರಾನಿನ ನತಾಂಝ್ ಅಣುಕೇಂದ್ರದ ಪಿಎಲ್‌ಸಿಗಳೊಳಗೆ ನುಗ್ಗಿತು. ಯಂತ್ರಗಳನ್ನು ತಪ್ಪು ವೇಗದಲ್ಲಿ ತಿರುಗಿಸಿ, ಪರದೆಯ ಮೇಲೆ ಮಾತ್ರ ಎಲ್ಲವೂ ಸರಿ ಇದೆ ಎಂದು ತೋರಿಸಿತು. 2017ರಲ್ಲಿ ಸೌದಿಯ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಸುರಕ್ಷಾ ವ್ಯವಸ್ಥೆಯ ಮೇಲೆಯೇ ಟ್ರೈಟನ್ ಎಂಬ ದಾಳಿ ನಡೆಯಿತು. ಸುಳ್ಳು ಸಾಕ್ಷ್ಯ ಈಗ ದೂರದಿಂದ, ಕಂಪ್ಯೂಟರಿನ ಮೂಲಕವೂ ಬರಬಹುದು. ಆದ್ದರಿಂದ ಕಂಪ್ಯೂಟರ್ ಇಷ್ಟಪಡುವ ಮಕ್ಕಳಿಗೂ ಇಲ್ಲಿ ಸಾಕಷ್ಟು ಕೆಲಸವಿದೆ.

ಯಾರಿಗೆ ಹೊಂದುತ್ತದೆ?

ಕೆಟ್ಟ ರೇಡಿಯೊ, ಮಿಕ್ಸಿ, ಇನ್ವರ್ಟರ್ ಬಿಚ್ಚಿ ಕೂರುವ ಮಗು ನಿಮ್ಮ ಮನೆಯಲ್ಲಿದ್ದರೆ ಗದರಿಸುವ ಮೊದಲು ಸ್ವಲ್ಪ ಗಮನಿಸಿ. ಗಣಿತದಲ್ಲಿ ಮೊದಲ ಸ್ಥಾನ ಬೇಕಿಲ್ಲ, ಗಣಿತಕ್ಕೆ ಹೆದರದಿದ್ದರೆ ಸಾಕು. ತಾಳ್ಮೆ ಬೇಕು. ಬರೆದಿಡುವ ಅಭ್ಯಾಸ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿನವರು ಅವಸರ ಮಾಡಿದಾಗಲೂ 'ಇದನ್ನು ನಾನು ಇನ್ನೂ ಪರೀಕ್ಷಿಸಿಲ್ಲ, ಸಹಿ ಹಾಕಲಾರೆ' ಎಂದು ವಿನಯದಿಂದ ಹೇಳುವ ಧೈರ್ಯ ಬೇಕು.

ಈ ಕೊನೆಯ ಗುಣವನ್ನು ಯಾವ ಪಾಲಿಟೆಕ್ನಿಕ್ಕೂ ಕಲಿಸಲಾರದು. ಅದನ್ನು ಕಲಿಯುವುದು ಮನೆಯಲ್ಲಿ. ಹಾಜರಿ ಪುಸ್ತಕದಲ್ಲಿ ಗೆಳೆಯನ ಸಹಿ ಹಾಕಿದ ಮಗನನ್ನು ಕಂಡು ನಕ್ಕು ಸುಮ್ಮನಾಗುವ ತಂದೆ, ಜ್ವರ ಇಲ್ಲದಿದ್ದರೂ ಶಾಲೆಗೆ ಜ್ವರದ ಚೀಟಿ ಬರೆಯುವ ತಾಯಿ, ಮಕ್ಕಳಿಗೆ ಏನು ಕಲಿಸುತ್ತಿದ್ದಾರೆ ಎಂದು ಯೋಚಿಸಬೇಕು. ಈ ವರ್ಷ ಮಗನನ್ನು ಐಟಿಐಗೋ ಡಿಪ್ಲೊಮಾಕ್ಕೋ ಸೇರಿಸುವವರು ಶುಲ್ಕದ ಜೊತೆ ಒಂದು ಮಾತನ್ನೂ ಕೊಟ್ಟು ಕಳಿಸಿ: ನೀನು ನೋಡದ್ದನ್ನು ನೋಡಿದೆ ಎಂದು ಬರೆಯಬೇಡ.